ಏರ್ ಟ್ರಾಫಿಕ್ ಕಂಟ್ರೋಲರ್ ಆಗಿ ಆಯ್ಕೆಯಾದ ಮೇಲೆ ಏನಾಗುತ್ತದೆ? ತರಬೇತಿ, ರೇಟಿಂಗ್, ಬಡ್ತಿ ಬಗ್ಗೆ ಒಳಗಿರುವವರು ಹೇಳಿ

ಫಿಸಿಕ್ಸ್_ಹುಡುಗ
ಎಲ್ಲರಿಗೂ ನಮಸ್ಕಾರ. ಡಿಗ್ರಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿದ್ದೇನೆ. ಎಟಿಸಿ ಕಡೆ ಹೋಗಬೇಕು ಅಂತ ಆಸೆ. ಪರೀಕ್ಷೆಗೆ ಏನು ಓದಬೇಕು ಅನ್ನುವುದಕ್ಕೆ ಬೇಕಾದಷ್ಟು ವಿಡಿಯೊ ಇವೆ. ಆಯ್ಕೆಯಾದ ಮೇಲೆ ಏನಾಗುತ್ತದೆ ಅಂತ ಹೇಳುವವರು ಕಡಿಮೆ.

ತರಬೇತಿ ಎಷ್ಟು ಕಾಲ ಇರುತ್ತದೆ? ಮಧ್ಯದಲ್ಲಿ ಫೇಲ್ ಮಾಡಿ ಕಳಿಸುತ್ತಾರಾ? ನಿಜವಾದ ವಿಮಾನಗಳನ್ನು ಯಾವಾಗ ಕೈಗೆ ಕೊಡುತ್ತಾರೆ? ಎಲ್ಲಕ್ಕಿಂತ ಮುಖ್ಯವಾಗಿ, ಮುಂದೆ ಬೆಳವಣಿಗೆ ಇದೆಯಾ? ನಮ್ಮ ಚಿಕ್ಕಪ್ಪ "ಅದೇ ಮೈಕು, ಅದೇ ಕುರ್ಚಿ, ರಿಟೈರ್ ಆಗುವ ತನಕ ಅಷ್ಟೇ" ಅಂತಾರೆ. ನಿಜಾನಾ?

ಮೋಡದಂಚು
ಓದುವುದಕ್ಕೆ ಕೂರುವ ಮೊದಲು ಕಣ್ಣು, ಕಿವಿ ತೋರಿಸಿಕೊಂಡು ಬಾ ತಮ್ಮಾ. ಕಂಟ್ರೋಲರ್‌ಗಳಿಗೆ ಕ್ಲಾಸ್ 3 ಮೆಡಿಕಲ್ ಕಡ್ಡಾಯ. ಬಣ್ಣ ಗುರುತಿಸುವುದರಲ್ಲಿ ತೊಂದರೆ ಇದೆ ಅಂತ ಎಷ್ಟೋ ಜನರಿಗೆ ಅಲ್ಲಿಯೇ ಗೊತ್ತಾಗುವುದು. ಕನ್ನಡಕ ಇದ್ದರೆ ಚಿಂತೆ ಬೇಡ, ಸರಿಪಡಿಸಿದ ದೃಷ್ಟಿ ನಿಯಮಕ್ಕೆ ತಕ್ಕಂತೆ ಇದ್ದರೆ ಸಾಕು.

ಟವರ್_ಕಿಟಕಿ
ನಿಮ್ಮ ಚಿಕ್ಕಪ್ಪನ ಮಾತನ್ನು ನಾನು ಒಪ್ಪುವುದಿಲ್ಲ. ಈ ಕೆಲಸದಲ್ಲಿ ಎರಡು ಏಣಿ ಇವೆ. ಒಂದು ಹುದ್ದೆಯದು, ಇನ್ನೊಂದು ರೇಟಿಂಗ್‌ನದು, ಅಂದರೆ ಯಾವ ಕೆಲಸ ಮಾಡಬಹುದು ಅನ್ನುವ ಅನುಮತಿಯದು. ಹೊರಗಿನವರಿಗೆ ಮೊದಲನೆಯದು ಮಾತ್ರ ಕಾಣುತ್ತದೆ. ನಮ್ಮ ಬದುಕು ನಡೆಯುವುದು ಎರಡನೆಯದರ ಮೇಲೆ.

ಹಂತಗಳು ಹೀಗೆ. ಮೊದಲು ಕ್ಲಾಸ್‌ರೂಮ್. ವಾಯು ನಿಯಮಗಳು, ಹವಾಮಾನ, ನ್ಯಾವಿಗೇಷನ್, ಯಾವ ವಿಮಾನ ಎಷ್ಟು ಬೇಗ ಏರುತ್ತದೆ ಇಳಿಯುತ್ತದೆ, ರೇಡಿಯೊದಲ್ಲಿ ಏನು ಹೇಳಬೇಕು ಏನು ಹೇಳಬಾರದು. ಆಮೇಲೆ ಸಿಮ್ಯುಲೇಟರ್. ಇದು ಮುಗಿದ ಮೇಲೆ ಒಂದು ಯೂನಿಟ್‌ಗೆ, ಅಂದರೆ ಒಂದು ಟವರ್ ಅಥವಾ ಕಂಟ್ರೋಲ್ ಕೇಂದ್ರಕ್ಕೆ ಹಾಕುತ್ತಾರೆ. ಅಲ್ಲಿ ನಿಜವಾದ ಟ್ರಾಫಿಕ್ ಮೇಲೆ ತರಬೇತಿ, ಅದಕ್ಕೆ ಓಜೆಟಿ ಅಂತೀವಿ. ಅದನ್ನು ಮುಗಿಸಿ, ಬರವಣಿಗೆ, ಮೌಖಿಕ, ಪ್ರಾಕ್ಟಿಕಲ್ ಪಾಸಾದರೆ ಆ ಜಾಗದಲ್ಲಿ ಆ ಕೆಲಸ ಮಾಡುವ ರೇಟಿಂಗ್ ಸಿಗುತ್ತದೆ. ಅಲ್ಲಿಯ ತನಕ ಒಬ್ಬರೇ ಮೈಕ್ ಹಿಡಿಯುವಂತಿಲ್ಲ.

ವಿಶ್ವಸಂಸ್ಥೆಯ ವಿಮಾನಯಾನ ಸಂಸ್ಥೆಯಾದ ಐಕಾವೊ ನಿಯಮದಲ್ಲಿ ಆರು ಬಗೆ ರೇಟಿಂಗ್ ಇವೆ. ಏರೋಡ್ರೋಮ್, ಅಪ್ರೋಚ್ ಪ್ರೊಸೀಜರಲ್, ಅಪ್ರೋಚ್ ಸರ್ವೈಲೆನ್ಸ್, ಅಪ್ರೋಚ್ ಪ್ರಿಸಿಷನ್ ರಾಡಾರ್, ಏರಿಯಾ ಪ್ರೊಸೀಜರಲ್, ಏರಿಯಾ ಸರ್ವೈಲೆನ್ಸ್. ಏರೋಡ್ರೋಮ್ ಅಂದರೆ ಟವರ್ ಕೆಲಸ, ಅಪ್ರೋಚ್ ಅಂದರೆ ಏರ್‌ಪೋರ್ಟಿನ ಸುತ್ತಲಿನ ಆಕಾಶ, ಏರಿಯಾ ಅಂದರೆ ದೂರದ ಮಾರ್ಗಗಳು. ಪ್ರೊಸೀಜರಲ್ ಅಂದರೆ ರಾಡಾರ್ ಇಲ್ಲದೆ, ಸರ್ವೈಲೆನ್ಸ್ ಅಂದರೆ ರಾಡಾರ್‌ನಂಥದ್ದನ್ನು ನೋಡಿ. ಸಾಮಾನ್ಯವಾಗಿ ಟವರ್‌ನಿಂದ ಶುರು ಮಾಡಿ ಅಪ್ರೋಚ್, ಆಮೇಲೆ ಏರಿಯಾ ಅಂತ ಹೋಗುವ ಪದ್ಧತಿ ಕೆಲವು ದೇಶಗಳಲ್ಲಿದೆ. ಯುರೋಪಿನಲ್ಲಿ ನೇರವಾಗಿ ಏರಿಯಾಕ್ಕೇ ತರಬೇತಿ ಕೊಟ್ಟು, ಇಡೀ ಸರ್ವಿಸ್ ಅಲ್ಲೇ ಮುಗಿಸುವವರೂ ಇದ್ದಾರೆ.

ಇನ್ನೊಂದು ವಿಷಯ ಈಗಲೇ ತಿಳಿದುಕೊಳ್ಳಿ. ಒಂದು ಏರ್‌ಪೋರ್ಟಿನ ಟವರ್‌ನಲ್ಲಿ ಹತ್ತು ವರ್ಷ ಮಾಡಿದ್ದರೂ ಇನ್ನೊಂದು ಏರ್‌ಪೋರ್ಟಿಗೆ ವರ್ಗವಾದ ದಿನ ನೀವು ಮತ್ತೆ ಟ್ರೈನಿ. ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂರುತ್ತಾರೆ. ಅವರು ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರೂ ಇರಬಹುದು. ಇದನ್ನು ಮನಸಾರೆ ಒಪ್ಪಿಕೊಳ್ಳದವರಿಗೆ ಈ ಕೆಲಸ ತುಂಬಾ ಕಷ್ಟ.

ಗಣಿತದ_ಮೇಷ್ಟ್ರು
ಲೈಸೆನ್ಸ್ ಸಿಕ್ಕ ಮೇಲೆ ಎಲ್ಲಿ ಬೇಕಾದರೂ ಕೆಲಸ ಮಾಡಬಹುದು ಅಂದುಕೊಂಡಿದ್ದೆ. ಕಾರಿನ ಲೈಸೆನ್ಸ್ ಥರ ಅಲ್ವಾ ಇದು?

ಟವರ್_ಕಿಟಕಿ
ಅಲ್ಲ ಸರ್. ಪ್ರತಿ ಜಾಗದ ರನ್‌ವೇ ಬೇರೆ, ಟ್ಯಾಕ್ಸಿವೇ ಬೇರೆ, ಸುತ್ತಲಿನ ಬೆಟ್ಟ ಬೇರೆ, ಪಕ್ಕದ ಯೂನಿಟ್ ಜೊತೆ ಮಾಡಿಕೊಂಡ ಒಪ್ಪಂದ ಬೇರೆ. ಯಾವ ಎತ್ತರದಲ್ಲಿ ವಿಮಾನವನ್ನು ಯಾರಿಗೆ ಒಪ್ಪಿಸಬೇಕು ಅನ್ನುವುದೆಲ್ಲ ಅಲ್ಲಿಯದೇ ಲೆಕ್ಕ. ಖಾಲಿ ಹಾಳೆ ಕೊಟ್ಟು "ನಕ್ಷೆ ಬರೆಯಿರಿ" ಅಂತಾರೆ. ಪಾಯಿಂಟ್, ದೂರ, ಡಿಗ್ರಿ, ಕನಿಷ್ಠ ಎತ್ತರ ಎಲ್ಲ ನೆನಪಿನಿಂದ ಬರಬೇಕು.

ಕಡಲ_ಹಕ್ಕಿ
ಅಮೆರಿಕದಲ್ಲಿ ಇದಕ್ಕೆ ಹೆಸರೇ ಇದೆ. ಹೊಸಬರನ್ನು ಡೆವಲಪ್‌ಮೆಂಟಲ್ ಅಂತಾರೆ. ಒಂದು ಯೂನಿಟ್‌ನ ಎಲ್ಲಾ ಪೊಸಿಷನ್‌ಗಳಲ್ಲೂ, ಅಂದರೆ ಕಂಟ್ರೋಲರ್ ಕೂತು ಕೆಲಸ ಮಾಡುವ ಎಲ್ಲಾ ಜಾಗಗಳಲ್ಲೂ, ಸರ್ಟಿಫೈ ಆದರೆ ಸಿಪಿಸಿ, ಅಂದರೆ ಸರ್ಟಿಫೈಡ್ ಪ್ರೊಫೆಷನಲ್ ಕಂಟ್ರೋಲರ್. ಆ ಸಿಪಿಸಿ ಬೇರೆ ಯೂನಿಟ್‌ಗೆ ಹೋದರೆ "ಸಿಪಿಸಿ ಇನ್ ಟ್ರೈನಿಂಗ್" ಆಗುತ್ತಾರೆ. ಅನುಭವಕ್ಕೆ ಮರ್ಯಾದೆ ಇದೆ, ಆದರೆ ವಿನಾಯಿತಿ ಇಲ್ಲ.

ಅಲ್ಲಿ ಯೂನಿಟ್‌ಗಳಿಗೆ 4ರಿಂದ 12ರ ತನಕ ಲೆವೆಲ್ ಇದೆ. ಟ್ರಾಫಿಕ್ ಜಾಸ್ತಿ ಇದ್ದಷ್ಟೂ, ಸಿಕ್ಕು ಜಾಸ್ತಿ ಇದ್ದಷ್ಟೂ ಲೆವೆಲ್ ಮೇಲೆ, ಸಂಬಳವೂ ಮೇಲೆ. ಹಾಗಾಗಿ ಬೆಳವಣಿಗೆ ಅಂದರೆ ಮ್ಯಾನೇಜರ್ ಆಗುವುದೇ ಅಂತ ಏನಿಲ್ಲ. ಕಷ್ಟದ ಯೂನಿಟ್‌ಗೆ ಹೋಗಿ ಗೆಲ್ಲುವುದೂ ಬೆಳವಣಿಗೆಯೇ.

ಸಂಜೆ_ಶಿಫ್ಟ್
👆 ಇದು ಸರಿಯಾದ ಉತ್ತರ.

ಹೊಸ_ರೆಕ್ಕೆ
ಒಂದು ಭಯದ ಪ್ರಶ್ನೆ. ಓಜೆಟಿಯಲ್ಲಿ ಟ್ರೈನಿ ಕೈಗೆ ನಿಜವಾದ ವಿಮಾನ ಕೊಡುತ್ತಾರೆ ಅಂದರೆ, ನಾನು ಕೂತ ವಿಮಾನವನ್ನೂ ಯಾರೋ ಕಲಿಯುತ್ತಿರುವವರು ಇಳಿಸಿರಬಹುದಾ?

ರಾಡಾರ್_ಅಕ್ಕ
ಹೌದು, ಖಂಡಿತ ಇರಬಹುದು. ಅದರಲ್ಲಿ ಭಯಪಡುವಂಥದ್ದು ಏನೂ ಇಲ್ಲ. ನಾನು ಈಗ ಇನ್‌ಸ್ಟ್ರಕ್ಟರ್ ಕೆಲಸ ಮಾಡುತ್ತೇನೆ. ಅದು ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಟ್ರೈನಿ ಮತ್ತು ನಾನು ಒಂದೇ ಕನ್ಸೋಲ್‌ನಲ್ಲಿ ಕೂರುತ್ತೇವೆ. ಇಬ್ಬರ ಹೆಡ್‌ಸೆಟ್ ಒಂದೇ ಫ್ರೀಕ್ವೆನ್ಸಿಗೆ. ನಾನು ಗುಂಡಿ ಒತ್ತಿದ ತಕ್ಷಣ ಅವರ ದನಿ ನಿಂತು ನನ್ನದು ಹೋಗುತ್ತದೆ. ಆ ಪೊಸಿಷನ್‌ಗೆ ರೇಟಿಂಗ್ ಇರುವುದು ನನಗೆ. ಆದ್ದರಿಂದ ಅವರು ಆಡುವ ಪ್ರತಿ ಮಾತಿನ ಹೊಣೆಯೂ ನನ್ನದೇ. ಬೆರಳು ಗುಂಡಿಯ ಮೇಲೆಯೇ ಇರುತ್ತದೆ.

ಇನ್‌ಸ್ಟ್ರಕ್ಟರ್‌ಗೆ ಕಷ್ಟ ಯಾವುದು ಗೊತ್ತಾ? ಯಾವಾಗ ಸುಮ್ಮನಿರಬೇಕು ಅನ್ನುವುದು. ಎರಡು ವಿಮಾನ ಒಂದೇ ಪಾಯಿಂಟ್ ಕಡೆ ಬರುತ್ತಿವೆ, ಟ್ರೈನಿಗೆ ಇನ್ನೂ ಕಂಡಿಲ್ಲ ಅಂದುಕೊಳ್ಳಿ. ಈಗಲೇ ಹೇಳಿಬಿಟ್ಟರೆ ಅವರು ಕಲಿಯುವುದಿಲ್ಲ. ತೀರಾ ತಡಮಾಡುವ ಹಾಗೂ ಇಲ್ಲ. 480 ನಾಟ್ ವೇಗದ ವಿಮಾನ ನಿಮಿಷಕ್ಕೆ 8 ನಾಟಿಕಲ್ ಮೈಲಿ ಹೋಗುತ್ತದೆ. ಅಂಥ ಎರಡು ಎದುರುಬದುರಾದರೆ ನಿಮಿಷಕ್ಕೆ 16 ಮೈಲಿ ಹತ್ತಿರವಾಗುತ್ತವೆ. ಪರದೆಯ ಮೇಲೆ 80 ಮೈಲಿ ಅಂತರ ಕಂಡರೆ ಕೈಯಲ್ಲಿ ಇರುವುದು 5 ನಿಮಿಷ. ಆ ಐದರಲ್ಲಿ ಟ್ರೈನಿಗೆ ಎಷ್ಟು ಕೊಡಬೇಕು ಅಂತ ನಾನು ತಲೆಯಲ್ಲೇ ಲೆಕ್ಕ ಹಾಕುತ್ತಿರುತ್ತೇನೆ. ಹೊತ್ತು ಮೀರುವ ಮೊದಲೇ "ಈ ಎರಡನ್ನು ನೋಡಿದಿರಾ?" ಅಂತ ಮೆಲ್ಲಗೆ ಕೇಳುತ್ತೇನೆ. ಆಗಲೂ ಆಗದಿದ್ದರೆ ನಾನೇ ತೆಗೆದುಕೊಳ್ಳುತ್ತೇನೆ. ಶಿಫ್ಟ್ ಮುಗಿದ ಮೇಲೆ ಕೂತು ಒಂದೊಂದನ್ನೂ ಮಾತಾಡಿ, ಬರೆದು, ಇಬ್ಬರೂ ಸಹಿ ಹಾಕುತ್ತೇವೆ.

ಹೊಸ_ರೆಕ್ಕೆ
ಥ್ಯಾಂಕ್ಸ್ ಅಕ್ಕ. ಈಗ ಸಮಾಧಾನ ಆಯಿತು.

ಗಣಿತದ_ಮೇಷ್ಟ್ರು
ಹಾಗಾದರೆ ಮ್ಯಾಥ್ಸ್ ಚೆನ್ನಾಗಿರುವವರಿಗೆ ಇದು ಸುಲಭ ಅನ್ನಿ. ನನ್ನ ವಿದ್ಯಾರ್ಥಿಗಳಿಗೆ ಧೈರ್ಯವಾಗಿ ಹೇಳಬಹುದು.

ರಾಡಾರ್_ಅಕ್ಕ
ಇಲ್ಲ ಸರ್, ದಯವಿಟ್ಟು ಹಾಗೆ ಹೇಳಬೇಡಿ. ಬೇಕಾಗುವ ಗಣಿತ ಹೈಸ್ಕೂಲಿನದು. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನಕ್ಕೆ ಸಾವಿರ ಅಡಿಗೆ ಹೆಚ್ಚುಕಡಿಮೆ 3 ಮೈಲಿ ಬೇಕು. 10,000 ಅಡಿಯಿಂದ ಇಳಿಯಲು ಸುಮಾರು 30 ಮೈಲಿ. ಇಷ್ಟೇ. ಕಷ್ಟ ಇರುವುದು, ಈ ಲೆಕ್ಕವನ್ನು ಒಬ್ಬ ಪೈಲಟ್ ಮಾತಾಡುತ್ತಿರುವಾಗ, ಇನ್ನೊಂದು ಕಡೆ ಫೋನ್ ಬಡಿದುಕೊಳ್ಳುತ್ತಿರುವಾಗ, ಮೂರನೆಯವರ ಎತ್ತರ ಬರೆದುಕೊಳ್ಳುತ್ತಾ ಮಾಡುವುದರಲ್ಲಿ. ರ‍್ಯಾಂಕ್ ಬಂದವರು ಸಿಮ್ಯುಲೇಟರ್‌ನಲ್ಲಿ ತಡವರಿಸಿದ್ದನ್ನು ನೋಡಿದ್ದೇನೆ. ಸಾಧಾರಣ ಅಂಕದವರು ಆರಾಮಾಗಿ ಮಾಡಿದ್ದನ್ನೂ ನೋಡಿದ್ದೇನೆ.

ಇದೇ ಕಾರಣಕ್ಕೆ ಯುರೋಪಿನ ವಾಯು ಸಂಚಾರ ಸಂಸ್ಥೆಯಾದ ಯೂರೋಕಂಟ್ರೋಲ್‌ನವರು ಫೀಸ್ಟ್ ಅನ್ನುವ ಆಯ್ಕೆ ಪರೀಕ್ಷೆ ಮಾಡಿದ್ದಾರೆ. ಅದರಲ್ಲಿ ನೋಡುವುದು ಗಮನ, ನೆನಪು, ಒಂದೇ ಸಲಕ್ಕೆ ಹಲವು ಕೆಲಸ ಹಿಡಿದಿಡುವ ಶಕ್ತಿ.

ಸಿಮ್_ಪೈಲಟ್
ಸಿಮ್ಯುಲೇಟರ್ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ಸೂಡೋ ಪೈಲಟ್ ಆಗಿ ಕೆಲಸ ಮಾಡಿದ್ದೇನೆ. ಅಂದರೆ ಪಕ್ಕದ ಕೋಣೆಯಲ್ಲಿ ಹೆಡ್‌ಸೆಟ್ ಹಾಕಿಕೊಂಡು ಒಬ್ಬರೇ ಹಲವಾರು ವಿಮಾನಗಳ ಪೈಲಟ್ ಆಗಿ ಮಾತಾಡುವುದು. ಟ್ರೈನಿ ಹೇಳಿದ ದಿಕ್ಕು, ಎತ್ತರ, ವೇಗವನ್ನು ಟೈಪ್ ಮಾಡಿದರೆ ಅವರ ಪರದೆಯಲ್ಲಿ ವಿಮಾನ ತಿರುಗುತ್ತದೆ.

ಇನ್‌ಸ್ಟ್ರಕ್ಟರ್ ಚೀಟಿ ಕೊಟ್ಟಾಗ ಬೇಕಂತಲೇ ತಪ್ಪು ರೀಡ್‌ಬ್ಯಾಕ್ ಕೊಡುತ್ತೇವೆ, ಅಂದರೆ ಅವರ ಸೂಚನೆಯನ್ನು ತಪ್ಪಾಗಿ ತಿರುಗಿ ಹೇಳುತ್ತೇವೆ. ಅವರು ಲೆವೆಲ್ 100 (ಸುಮಾರು 10,000 ಅಡಿ) ಅಂದರೆ ನಾವು 110 ಅನ್ನುತ್ತೇವೆ. ಅಥವಾ 342 ಅನ್ನುವ ಕಾಲ್‌ಸೈನ್‌ಗೆ (ವಿಮಾನದ ರೇಡಿಯೊ ಹೆಸರು) ಕೊಟ್ಟ ಸೂಚನೆಯನ್ನು 324 ತೆಗೆದುಕೊಳ್ಳುತ್ತದೆ. ಟ್ರೈನಿಗಳು ಮೊದಮೊದಲು ತಾವು ಹೇಳಿದ್ದನ್ನೇ ಕೇಳಿಸಿಕೊಳ್ಳುತ್ತಾರೆ, ಪೈಲಟ್ ಹೇಳಿದ್ದನ್ನಲ್ಲ. ಇದು ಎಲ್ಲರಿಗೂ ಆಗುವುದೇ. ಕಿವಿ ಪಳಗುವ ತನಕ ಸಿಮ್ಯುಲೇಟರ್ ಬಿಡಬಾರದು ಅನ್ನುವುದು ನನ್ನ ಅಭಿಪ್ರಾಯ. ಅಂದಹಾಗೆ ಬ್ರಿಟನ್ನಿನಲ್ಲಿ ಈ ಗೊಂದಲಕ್ಕೇ ಲೆವೆಲ್ 100 ಅನ್ನು "ಒನ್ ಹಂಡ್ರೆಡ್" ಅಂತಲೇ ಹೇಳಬೇಕು ಅಂತ ಮಾಡಿದ್ದಾರೆ.

ಕೋಡ್_ಬರೆಯುವವ
ಎಲ್ಲ ಓದಿದೆ. ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎರಡು ಚುಕ್ಕೆ ಹತ್ತಿರ ಬರುತ್ತಿವೆ ಅಂತ ಹೇಳುವುದು ಕಂಪ್ಯೂಟರ್‌ಗೆ ತೀರಾ ಸುಲಭ. ಈಗ ಕೆಲಸಕ್ಕೆ ಸೇರುವ ಹುಡುಗ ರಿಟೈರ್ ಆಗುವ ಹೊತ್ತಿಗೆ ಈ ಕೆಲಸ ಇರುತ್ತದಾ? ಚಿಕ್ಕಪ್ಪನ ಪ್ರಶ್ನೆಗಿಂತ ಇದು ದೊಡ್ಡ ಪ್ರಶ್ನೆ.

ಟವರ್_ಕಿಟಕಿ
ಎಚ್ಚರಿಕೆ ಕೊಡುವ ಕಂಪ್ಯೂಟರ್ ಆಗಲೇ ಇದೆ. ಡಿಕ್ಕಿಯಾಗುವ ಸಂಭವ ಇದ್ದರೆ ಪರದೆಯಲ್ಲಿ ಬಣ್ಣ ಬದಲಾಗಿ ಮಿನುಗುತ್ತದೆ. ವಿಮಾನದೊಳಗೂ ಡಿಕ್ಕಿ ತಪ್ಪಿಸಲು ಏರು, ಇಳಿ ಅಂತ ಪೈಲಟ್‌ಗೆ ಹೇಳುವ ಟಿಕ್ಯಾಸ್ ಯಂತ್ರ ಇದೆ. ಇಷ್ಟೆಲ್ಲ ಇದ್ದೂ ಏನಾಯಿತು ಅಂತ ಜರ್ಮನಿಯ ಯೂಬರ್‌ಲಿಂಗನ್ ದುರಂತ ನೋಡಿ. 2002ರ ಜುಲೈ 1ರ ರಾತ್ರಿ. ಎರಡು ವಿಮಾನ ಡಿಕ್ಕಿಯಾಗಿ 71 ಜನ ಹೋದರು. ಒಬ್ಬರೇ ಕಂಟ್ರೋಲರ್ ಎರಡು ಪೊಸಿಷನ್ ನೋಡುತ್ತಿದ್ದರು. ಫೋನ್ ವ್ಯವಸ್ಥೆ ರಿಪೇರಿಯಲ್ಲಿತ್ತು. ರಷ್ಯಾದ ವಿಮಾನಕ್ಕೆ ಟಿಕ್ಯಾಸ್ "ಏರು" ಅಂದಿತು, ಕಂಟ್ರೋಲರ್ "ಇಳಿ" ಅಂದಿದ್ದರು. ಪೈಲಟ್‌ಗಳು ಕಂಟ್ರೋಲರ್ ಮಾತು ಕೇಳಿ ವಿಮಾನ ಇಳಿಸಿದರು. ಇನ್ನೊಂದು ವಿಮಾನವೂ ಅದರ ಟಿಕ್ಯಾಸ್ ಹೇಳಿದಂತೆ ಇಳಿಯುತ್ತಿತ್ತು. ಆಮೇಲೆ ಟಿಕ್ಯಾಸ್ ಹೇಳಿದ್ದನ್ನೇ ಕೇಳಬೇಕು ಅಂತ ನಿಯಮವನ್ನು ಗಟ್ಟಿ ಮಾಡಿದರು. ಈಗ ಪೈಲಟ್ ಟಿಕ್ಯಾಸ್ ಸೂಚನೆ ಪಾಲಿಸುತ್ತಿದ್ದೇನೆ ಅಂದರೆ ನಾವು ಅದನ್ನು ಬದಲಿಸುವಂತಿಲ್ಲ. ತರಬೇತಿಯಲ್ಲಿ ಇದನ್ನು ಮತ್ತೆ ಮತ್ತೆ ಹೇಳಿಕೊಡುತ್ತಾರೆ.

ಕೋಡ್_ಬರೆಯುವವ
ಅದೇ ನನ್ನ ಮಾತು ಸರ್. ಅಲ್ಲಿ ಯಂತ್ರದ ಮಾತು ಕೇಳಿದ್ದರೆ ಎಲ್ಲರೂ ಉಳಿಯುತ್ತಿದ್ದರು.

ರಾಡಾರ್_ಅಕ್ಕ
ಆ ಕೊನೆಯ ಕೆಲವು ಸೆಕೆಂಡಿನ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ದಿನದ ಕೆಲಸ ಆ ಸೆಕೆಂಡುಗಳದ್ದಲ್ಲ. ಮಳೆಮೋಡ ಎದ್ದಿದೆ, ಹತ್ತು ಪೈಲಟ್‌ಗಳು ಹತ್ತು ದಿಕ್ಕಿಗೆ ತಿರುಗಲು ಕೇಳುತ್ತಿದ್ದಾರೆ, ಒಬ್ಬರಿಗೆ ಇಂಧನ ಕಡಿಮೆ, ಒಬ್ಬರಲ್ಲಿ ಹುಷಾರಿಲ್ಲದ ಪ್ರಯಾಣಿಕರು. ಯಾರನ್ನು ಮೊದಲು ಬಿಡಬೇಕು? ಪೈಲಟ್ ದನಿಯಲ್ಲಿ ಗಾಬರಿ ಇದೆಯಾ? ಇಂಥ ದಿನ ನಿಮ್ಮ ಪ್ರೋಗ್ರಾಂ ನನಗೆ ಸಹಾಯ ಮಾಡಲಿ, ಖುಷಿಯಿಂದ ಬಳಸುತ್ತೇನೆ. ತೀರ್ಮಾನ ಮನುಷ್ಯರದ್ದೇ ಆಗಿರಬೇಕು.

ಕಡಲ_ಹಕ್ಕಿ
ಕೆಲಸದ ರೂಪ ಬದಲಾಗುತ್ತಿರುವುದಂತೂ ನಿಜ. ಸ್ವೀಡನ್ನಿನ ಅರ್ನ್‌ಶೋಲ್ಡ್ಸ್‌ವಿಕ್ ಏರ್‌ಪೋರ್ಟನ್ನು 2015ರಿಂದ ದೂರದ ಊರಿನಲ್ಲಿ ಕೂತು ಕ್ಯಾಮೆರಾ ನೋಡಿ ನಡೆಸುತ್ತಿದ್ದಾರೆ. 2021ರಲ್ಲಿ ಲಂಡನ್ ಸಿಟಿ ಏರ್‌ಪೋರ್ಟ್ ಕೂಡ ಹಾಗೇ ಆಯಿತು. ಆದರೆ ಎರಡೂ ಕಡೆ ಪರದೆ ಮುಂದೆ ಕೂತಿರುವುದು ರೇಟಿಂಗ್ ಇರುವ ಕಂಟ್ರೋಲರ್‌ಗಳೇ.

ಕೋಡ್_ಬರೆಯುವವ
ಇರಲಿ. ಆದರೂ ಜನರ ಸಂಖ್ಯೆ ಕಡಿಮೆಯಾಗುತ್ತದೆ ಅನ್ನುವ ನನ್ನ ಮಾತನ್ನು ಬಿಡುವುದಿಲ್ಲ.

ಫಿಸಿಕ್ಸ್_ಹುಡುಗ
ಚರ್ಚೆ ಚೆನ್ನಾಗಿದೆ. ಆದರೆ ಫೇಲ್ ಆದರೆ ಏನು ಅನ್ನುವುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ. ದಯವಿಟ್ಟು ಯಾರಾದರೂ ಹೇಳಿ.

ಸಂಜೆ_ಶಿಫ್ಟ್
ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಓಕ್ಲಹೋಮ ಸಿಟಿಯ ಅಕಾಡೆಮಿಯಲ್ಲಿ ಕೊನೆಯ ಮೌಲ್ಯಮಾಪನ ಪಾಸಾಗದಿದ್ದರೆ ಸಾಮಾನ್ಯವಾಗಿ ಕೆಲಸವೇ ಹೋಗುತ್ತದೆ. ಯೂನಿಟ್‌ಗೆ ಹೋದ ಮೇಲೆ ಆಗದಿದ್ದರೆ ಕೆಲವೊಮ್ಮೆ ಕಡಿಮೆ ಟ್ರಾಫಿಕ್ ಇರುವ ಜಾಗಕ್ಕೆ ಕಳಿಸುತ್ತಾರೆ. ಹೊಸಬರು ಪೂರ್ತಿ ಸರ್ಟಿಫೈ ಆಗಲು ಸಾಮಾನ್ಯವಾಗಿ 2ರಿಂದ 3 ವರ್ಷ.

ರಾಡಾರ್_ಅಕ್ಕ
ಇದರ ಬಗ್ಗೆ ನನಗೆ ಬಹಳ ಹೇಳುವುದಿದೆ. ಫೇಲ್ ಆದವರನ್ನು ದಡ್ಡರು ಅಂತ ನೋಡುವುದು ತಪ್ಪು. ಕೆಲವರಿಗೆ ಟವರ್ ಚೆನ್ನಾಗಿ ಒಗ್ಗುತ್ತದೆ, ಅಪ್ರೋಚ್ ಒಗ್ಗುವುದಿಲ್ಲ. ಟವರ್‌ನಲ್ಲಿ ಕಣ್ಣಿಗೆ ವಿಮಾನ ಕಾಣುತ್ತದೆ. ಅಪ್ರೋಚ್‌ನಲ್ಲಿ ಪರದೆ ನೋಡಿ ಮೂರು ಆಯಾಮವನ್ನು ತಲೆಯಲ್ಲಿ ಕಟ್ಟಿಕೊಳ್ಳಬೇಕು. ನಾವು ಅದಕ್ಕೆ "ಪಿಕ್ಚರ್" ಅಂತೀವಿ. ಪಿಕ್ಚರ್ ಕಳೆದುಹೋದರೆ ಗೊತ್ತಾಗುತ್ತದೆ. ಟ್ರೈನಿಯ ಮಾತು ವೇಗ ಆಗುತ್ತದೆ. ಪೈಲಟ್‌ಗಳು ಕರೆದ ಮೇಲಷ್ಟೇ ಉತ್ತರ ಕೊಡಲು ಶುರು ಮಾಡುತ್ತಾರೆ. ತಾವಾಗಿ ಮುಂದಿನದನ್ನು ಯೋಚಿಸುವುದು ನಿಂತಿರುತ್ತದೆ. ಆ ಹೊತ್ತಿಗೆ ಇನ್‌ಸ್ಟ್ರಕ್ಟರ್ ನಿಭಾಯಿಸಲೇಬೇಕು.

ಕೆಲವರಿಗೆ ಇನ್‌ಸ್ಟ್ರಕ್ಟರ್ ಬದಲಿಸಿದರೆ ಸಾಕು, ಸರಿಹೋಗುತ್ತಾರೆ. ಹಳೇ ಕಾಲದ ಕೆಲವರು ಎಲ್ಲರ ಎದುರು ಗದರುತ್ತಿದ್ದರು. ನಾನು ಕಲಿತ ಕಡೆ ಒಬ್ಬರು ಹಾಗಿದ್ದರು. ಒಳ್ಳೆಯ ಹುಡುಗಿಯೊಬ್ಬಳು ಅವರ ಕೈಕೆಳಗೆ ಬಾಯಿ ಬಿಡಲೂ ಹೆದರುತ್ತಿದ್ದಳು. ಬೇರೆಯವರ ಜೊತೆ ಹಾಕಿದ ಮೇಲೆ ಅವಳೇ ನಮ್ಮ ಬ್ಯಾಚ್‌ನಲ್ಲಿ ಮೊದಲು ರೇಟಿಂಗ್ ತೆಗೆದುಕೊಂಡಳು. ಗದರಿದರೆ ಕಲಿಯುತ್ತಾರೆ ಅನ್ನುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

ಹಳೇ_ಸ್ಟ್ರಿಪ್
ಅಮ್ಮಾ, ನಾನು ಆ ಹಳೇ ಕಾಲದವನು. ಗದರುವುದನ್ನು ಸಮರ್ಥಿಸುವುದಿಲ್ಲ. ಆದರೆ ಈಗ ತೀರಾ ಮೆದು ಆಗಿದೆ ಅಂತಲೂ ಅನ್ನಿಸುತ್ತದೆ. ತುರ್ತು ಬಂದಾಗ ಪೈಲಟ್ ಮೆದುವಾಗಿ ಮಾತಾಡುವುದಿಲ್ಲ. ಒತ್ತಡದಲ್ಲಿ ದನಿ ಕೇಳಿ ಕೈ ನಡುಗಬಾರದು. ಅದನ್ನು ತರಬೇತಿಯಲ್ಲೇ ನೋಡಿಬಿಡಬೇಕು.

ಒಂದೊಂದು ವಿಮಾನದ ವಿವರ ಒಂದೊಂದು ಪಟ್ಟಿಯಲ್ಲಿ ಬರೆಯುತ್ತಿದ್ದ ಕಾಗದದ ಸ್ಟ್ರಿಪ್ ಕಾಲದಲ್ಲಿ ಶಿಸ್ತು ಕೈಯಿಂದಲೇ ಬರುತ್ತಿತ್ತು. ಕೊಟ್ಟ ಎತ್ತರ ಬರೆಯಬೇಕು, ರೀಡ್‌ಬ್ಯಾಕ್ ಸರಿ ಬಂದ ಮೇಲೆ ಗುರುತು ಹಾಕಬೇಕು, ವಿಮಾನ ಆ ಎತ್ತರ ಬಿಟ್ಟ ಮೇಲೆ ಹಳೆಯದನ್ನು ಹೊಡೆಯಬೇಕು. ರನ್‌ವೇ ಮೇಲೆ ಜೀಪು ಹೋದರೆ ಕೆಂಪು ಸ್ಟ್ರಿಪ್ ಅಡ್ಡ ಇಡಬೇಕು. ಅದು ಅಲ್ಲಿದ್ದಷ್ಟು ಹೊತ್ತು ಬಾಯಿಂದ ಲ್ಯಾಂಡಿಂಗ್ ಕ್ಲಿಯರೆನ್ಸ್ ಬರುವ ಹಾಗಿಲ್ಲ. ಎಲೆಕ್ಟ್ರಾನಿಕ್ ಸ್ಟ್ರಿಪ್ ಬಂದ ಮೇಲೂ ಇದೇ ಅಭ್ಯಾಸ ಉಳಿಸಿಕೊಂಡವರೇ ಒಳ್ಳೆಯ ಕಂಟ್ರೋಲರ್‌ಗಳು.

ರಾಡಾರ್_ಅಕ್ಕ
ಒತ್ತಡವನ್ನು ಟ್ರಾಫಿಕ್‌ನಿಂದ ಕೊಡಿ ಸರ್, ಬೈಗುಳದಿಂದ ಬೇಡ. ಸಿಮ್ಯುಲೇಟರ್‌ನಲ್ಲಿ ಎಂಜಿನ್ ಕೆಡಿಸಿ, ರೇಡಿಯೊ ಕೆಡಿಸಿ, ರನ್‌ವೇ ಮುಚ್ಚಿ. ಅಷ್ಟು ಸಾಕು. ಸ್ಟ್ರಿಪ್ ವಿಷಯದಲ್ಲಿ ನಿಮ್ಮ ಮಾತಿಗೆ ಪೂರ್ತಿ ಒಪ್ಪಿಗೆ.

ಹಳೇ_ಸ್ಟ್ರಿಪ್
ಆ ಮಾತು ಸರಿ.

ಮೋಡದಂಚು
ಇಂಗ್ಲಿಷ್ ಬಗ್ಗೆ ಯಾರೂ ಹೇಳಿಲ್ಲ. ನಮ್ಮ ಕನ್ನಡ ಮೀಡಿಯಂ ಹುಡುಗರು ಇದಕ್ಕೇ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಐಕಾವೊ ಅಳತೆಯಲ್ಲಿ 1ರಿಂದ 6ರ ತನಕ ಮಟ್ಟಗಳಿವೆ. ಕಂಟ್ರೋಲರ್‌ಗೆ ಕನಿಷ್ಠ 4 ಬೇಕು. ನಮ್ಮ ಉಚ್ಚಾರಣೆಯ ಧಾಟಿ ಇರಬಹುದು, ಅರ್ಥವಾಗುವುದಕ್ಕೆ ಅಡ್ಡಿ ಆಗಬಾರದು ಅಷ್ಟೇ. 4 ಇದ್ದವರಿಗೆ ಕೆಲವು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ ಇರುತ್ತದೆ. 6 ಬಂದರೆ ಮತ್ತೆ ಬೇಕಿಲ್ಲ.

ಇತಿಹಾಸ_ಪ್ರಿಯ
ಭಾಷೆಯ ನಿಯಮ ಬಿಗಿ ಮಾಡಿದ್ದಕ್ಕೆ ಹಿಂದೆ ದೊಡ್ಡ ನೋವಿದೆ. 1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ ಮೇಲೆ ಆಕಾಶದಲ್ಲಿ ಎರಡು ವಿಮಾನ ಡಿಕ್ಕಿಯಾದವು. ಸೌದಿಯ ವಿಮಾನ 14,000 ಅಡಿಗೆ ಏರುತ್ತಿತ್ತು, ಕಜಕಸ್ತಾನದ್ದಕ್ಕೆ 15,000 ಅಡಿಯಲ್ಲಿ ಇರಲು ಹೇಳಿದ್ದರು. ಅದರ ಸಿಬ್ಬಂದಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ಅದು ಹೇಳಿದ್ದಕ್ಕಿಂತ ಕೆಳಗೆ ಇಳಿಯಿತು. 349 ಜನ ಸತ್ತರು. ಬರುವ ವಿಮಾನಕ್ಕೂ ಹೋಗುವ ವಿಮಾನಕ್ಕೂ ಒಂದೇ ದಾರಿ ಇತ್ತು. ಎತ್ತರ ತೋರಿಸುವ ಸೆಕೆಂಡರಿ ರಾಡಾರ್ ಆಗ ದೆಹಲಿಯಲ್ಲಿ ಬಳಕೆಗೆ ಬಂದಿರಲಿಲ್ಲ. ಕಂಟ್ರೋಲರ್ ಸರಿಯಾಗಿಯೇ ಹೇಳಿದ್ದರು, ಆದರೆ ವಿಮಾನ ನಿಜವಾಗಿ ಎಲ್ಲಿದೆ ಅಂತ ನೋಡಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ಇತ್ತೀಚಿನದು ಟೋಕಿಯೊದ ಹನೇಡಾ ಏರ್‌ಪೋರ್ಟ್, 2024ರ ಜನವರಿ 2. ಕೋಸ್ಟ್ ಗಾರ್ಡ್ ವಿಮಾನಕ್ಕೆ ರನ್‌ವೇ ಹೊರಗೆ ಕಾಯುವ ಜಾಗಕ್ಕೆ ಹೋಗು, ನೀನು "ನಂಬರ್ ಒನ್", ಅಂದರೆ ಸಾಲಿನಲ್ಲಿ ಮೊದಲು, ಅಂದಿದ್ದರು. ಅದು ರನ್‌ವೇಗೇ ಬಂದು ನಿಂತಿತು, ಡಿಕ್ಕಿಯಾಯಿತು. ಇಳಿಯುತ್ತಿದ್ದ ದೊಡ್ಡ ವಿಮಾನದ 379 ಜನರೂ ಬದುಕಿ ಹೊರಗೆ ಬಂದರು. ಕೋಸ್ಟ್ ಗಾರ್ಡ್‌ನ ಐವರು ಹೋದರು.

ಟವರ್_ಕಿಟಕಿ
1977ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ರನ್‌ವೇ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 583 ಜನ ಹೋದ ಮೇಲೆ "ಟೇಕ್ ಆಫ್" ಅನ್ನುವುದನ್ನು ಟೇಕ್ ಆಫ್ ಅನುಮತಿ ಕೊಡುವಾಗ, ಇಲ್ಲವೇ ಅದನ್ನು ರದ್ದು ಮಾಡುವಾಗ ಮಾತ್ರ ಹೇಳಬೇಕು ಅಂತ ಮಾಡಿದರು. ಉಳಿದಂತೆ "ಡಿಪಾರ್ಚರ್". ಪುಸ್ತಕದ ಸಾಲುಗಳನ್ನು ಯಾಕೆ ಚಾಚೂ ತಪ್ಪದೆ ಬಾಯಿಪಾಠ ಮಾಡಿಸುತ್ತಾರೆ ಅಂತ ಟ್ರೈನಿಗಳು ಗೊಣಗುತ್ತಾರೆ. ಇದಕ್ಕೇ.

ಲೆಕ್ಕದ_ಪುಸ್ತಕ
ವಿಷಯಕ್ಕೆ ಬನ್ನಿ. ಬಡ್ತಿ ಹೇಗೆ? ಭಾರತದ್ದು ಹೇಳಿ. ಹುಡುಗ ಕೇಳಿದ್ದೂ ಅದೇ.

ಸಂಜೆ_ಶಿಫ್ಟ್
ಭಾರತದಲ್ಲಿ ಏರ್‌ಪೋರ್ಟ್ಸ್ ಅಥಾರಿಟಿಗೆ ಜೂನಿಯರ್ ಎಕ್ಸಿಕ್ಯುಟಿವ್ ಆಗಿ ಸೇರುತ್ತಾರೆ. ಫಿಸಿಕ್ಸ್, ಮ್ಯಾಥ್ಸ್ ಇರುವ ಬಿಎಸ್ಸಿ, ಇಲ್ಲವೇ ಆ ವಿಷಯಗಳನ್ನು ಓದಿದ ಎಂಜಿನಿಯರಿಂಗ್. ಸಾಮಾನ್ಯ ವರ್ಗಕ್ಕೆ ವಯೋಮಿತಿ 27. ಆನ್‌ಲೈನ್ ಪರೀಕ್ಷೆ ಆದ ಮೇಲೆ ದನಿ ಪರೀಕ್ಷೆ, ಮೆಡಿಕಲ್ ಎಲ್ಲ ಇರುತ್ತದೆ. ತರಬೇತಿ ಕೇಂದ್ರಗಳು ಪ್ರಯಾಗ್‌ರಾಜ್, ಹೈದರಾಬಾದ್, ಗೊಂದಿಯಾದಲ್ಲಿವೆ. ಬಾಂಡ್ ಬರೆದುಕೊಡಬೇಕು. ಆಮೇಲೆ ಮ್ಯಾನೇಜರ್, ಸೀನಿಯರ್ ಮ್ಯಾನೇಜರ್, ಎಜಿಎಂ, ಡಿಜಿಎಂ, ಜಿಎಂ ಹೀಗೆ ಎಕ್ಸಿಕ್ಯುಟಿವ್ ಡೈರೆಕ್ಟರ್ ತನಕ ಹುದ್ದೆಗಳಿವೆ. ಅಮೆರಿಕದಲ್ಲಿ ಸಾಮಾನ್ಯವಾಗಿ 31 ತುಂಬುವ ಮೊದಲು ಸೇರಬೇಕು, 56ಕ್ಕೆ ಮೈಕ್ ಬಿಡಬೇಕು.

ಲೆಕ್ಕದ_ಪುಸ್ತಕ
ಅಂದರೆ ಹುದ್ದೆ ಏರಿದ ಹಾಗೆ ಮೈಕ್ ದೂರ ಆಗುತ್ತದೆ. ಹಾಗಿದ್ದರೆ ನುರಿತವರನ್ನೆಲ್ಲ ಫೈಲ್ ನೋಡಲು ಕಳಿಸಿದ ಹಾಗಾಯಿತಲ್ಲ? ಇದು ಸರಿಯೇ?

ಟವರ್_ಕಿಟಕಿ
ಹುದ್ದೆ ಏರಿದ ಕೂಡಲೇ ಮೈಕ್ ಹೋಗುವುದಿಲ್ಲ. ಮ್ಯಾನೇಜರ್, ಎಜಿಎಂ ಅನ್ನಿಸಿಕೊಂಡವರೂ ಪೊಸಿಷನ್‌ನಲ್ಲಿ ಕೂರುತ್ತಾರೆ. ಹಾಗೇ ಮೇಲೆ ಹೋಗುತ್ತಾ ಶಿಫ್ಟ್ ಪೂರ್ತಿ ನೋಡಿಕೊಳ್ಳುವ ಸೂಪರ್‌ವೈಸರ್ ಆಗುತ್ತಾರೆ. ಯಾವ ಸೆಕ್ಟರ್ (ಆಕಾಶದ ಒಂದು ಭಾಗ) ತೆರೆಯಬೇಕು, ಯಾರನ್ನು ಎಲ್ಲಿ ಕೂರಿಸಬೇಕು, ಯಾರಿಗೆ ಈಗ ಬ್ರೇಕ್ ಬೇಕು ಅನ್ನುವುದು ಅವರ ಕೆಲಸ. ನನ್ನ ಪ್ರಕಾರ ಇಡೀ ಕೋಣೆಯಲ್ಲಿ ಕಷ್ಟದ ಕೆಲಸ ಅದೇ.

ಇನ್ನೂ ದಾರಿಗಳಿವೆ. ಇನ್‌ಸ್ಟ್ರಕ್ಟರ್, ಎಕ್ಸಾಮಿನರ್. ಘಟನೆಗಳ ತನಿಖೆ ಮಾಡುವ ಸೇಫ್ಟಿ ವಿಭಾಗ. ವಿಮಾನ ಇಳಿಯುವ ದಾರಿಯನ್ನು ಬೆಟ್ಟ, ಕಟ್ಟಡ ಎಲ್ಲ ಲೆಕ್ಕಕ್ಕೆ ತಂದು ವಿನ್ಯಾಸ ಮಾಡುವ ಪ್ರೊಸೀಜರ್ ಡಿಸೈನ್. ಇಡೀ ದೇಶದ ಟ್ರಾಫಿಕ್ ಹರಿವನ್ನು ನೋಡುವ ಫ್ಲೋ ಮ್ಯಾನೇಜ್‌ಮೆಂಟ್. ಗಣಿತ ಇಷ್ಟ ಇರುವವರಿಗೆ ಪ್ರೊಸೀಜರ್ ಡಿಸೈನ್ ಹೇಳಿ ಮಾಡಿಸಿದ ಹಾಗಿದೆ. ಇವನ್ನೆಲ್ಲ ಬೆಳವಣಿಗೆ ಅಲ್ಲ ಅಂದರೆ ಹೇಗೆ?

ಲೆಕ್ಕದ_ಪುಸ್ತಕ
ಸಂಬಳ ಹುದ್ದೆ ನೋಡಿ ಬರುತ್ತದೆಯೋ, ರೇಟಿಂಗ್ ನೋಡಿಯೋ? ಕಷ್ಟದ ಯೂನಿಟ್‌ನಲ್ಲಿ ದುಡಿಯುವವನಿಗೆ ಜಾಸ್ತಿ ಸಿಗದಿದ್ದರೆ ಯಾರು ಅಲ್ಲಿ ನಿಲ್ಲುತ್ತಾರೆ?

ರಾಡಾರ್_ಅಕ್ಕ
ಎರಡೂ ಲೆಕ್ಕಕ್ಕೆ ಬರುತ್ತವೆ. ಮೂಲ ಸಂಬಳ ಹುದ್ದೆಯಿಂದ, ಅದರ ಮೇಲೆ ರೇಟಿಂಗ್ ಭತ್ಯೆ. ಭತ್ಯೆ ಇನ್ನೂ ಜಾಸ್ತಿ ಇರಬೇಕು ಅನ್ನುವುದು ನನ್ನ ವಾದ. ಮೈಕ್ ಹಿಡಿದವರನ್ನು ಮೈಕ್ ಹತ್ತಿರವೇ ಉಳಿಸಿಕೊಳ್ಳಬೇಕಾದರೆ ಮೇಜಿನ ಕೆಲಸಕ್ಕಿಂತ ಅದು ಕಡಿಮೆ ಅನ್ನಿಸಬಾರದು.

ಹೊಸ_ರೆಕ್ಕೆ
ನೈಟ್ ಶಿಫ್ಟ್ ಜಾಸ್ತಿನಾ?

ಸಂಜೆ_ಶಿಫ್ಟ್
ಇರುತ್ತವೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ. ಆದರೆ ಸತತವಾಗಿ ಕೂರಿಸುವುದಿಲ್ಲ. ಬ್ರಿಟನ್ ನಿಯಮದಲ್ಲಿ ಪೊಸಿಷನ್‌ನಲ್ಲಿ 2 ಗಂಟೆಗಿಂತ ಜಾಸ್ತಿ ಕೂರುವಂತಿಲ್ಲ, ಆಮೇಲೆ 30 ನಿಮಿಷ ಬಿಡುವು. ರಾತ್ರಿ ಟ್ರಾಫಿಕ್ ಕಡಿಮೆ ಇದ್ದಾಗ ಕಷ್ಟ ಜಾಸ್ತಿ. ಎರಡೇ ವಿಮಾನ ಇದ್ದಾಗ ಗಮನ ಜಾರುತ್ತದೆ. ಇಪ್ಪತ್ತು ಇದ್ದಾಗ ಜಾರುವುದಿಲ್ಲ.

ಇತಿಹಾಸ_ಪ್ರಿಯ
ಕೆಲಸದ ಹೊತ್ತಿನ ವಿಷಯ ಬಂತಲ್ಲ. 1981ರ ಆಗಸ್ಟ್‌ನಲ್ಲಿ ಅಮೆರಿಕದ ಕಂಟ್ರೋಲರ್‌ಗಳು ಸಂಬಳ, ಕೆಲಸದ ಅವಧಿಗಾಗಿ ಮುಷ್ಕರ ಹೂಡಿದರು. ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಜನರನ್ನು ಕೆಲಸದಿಂದ ತೆಗೆದರು. ಆ ಜಾಗ ತುಂಬಲು ವರ್ಷಗಟ್ಟಲೆ ಬೇಕಾಯಿತು. ಯಾಕೆ ಅಂದರೆ ಮೇಲೆ ಹೇಳಿದ ತರಬೇತಿಯನ್ನು ಯಾರೂ ಬೇಗ ಮುಗಿಸಲು ಆಗುವುದಿಲ್ಲ.

ಕಾವೇರಿ_ತೀರ
ಒಂದು ಪ್ರಶ್ನೆ, ಹೆಣ್ಣುಮಕ್ಕಳ ಪರವಾಗಿ. ಬಸುರಿ, ಬಾಣಂತನ ಅಂತ ರಜೆ ತೆಗೆದುಕೊಂಡರೆ ರೇಟಿಂಗ್ ಹೋಗುತ್ತದೆ ಅಂತ ಕೇಳಿದೆ. ಹೌದಾ? ಅದಾದ ಮೇಲೆ ಬಡ್ತಿಯಲ್ಲಿ ಹಿಂದೆ ಬೀಳುತ್ತೇವಾ?

ರಾಡಾರ್_ಅಕ್ಕ
ನಿಯಮ ಗಂಡು, ಹೆಣ್ಣು ಅಂತ ನೋಡುವುದಿಲ್ಲ. ರೇಟಿಂಗ್ ಬಳಸದೆ ಎಷ್ಟು ದಿನ ಇರಬಹುದು ಅಂತ ಆಯಾ ದೇಶ ತೀರ್ಮಾನಿಸುತ್ತದೆ. ಐಕಾವೊ ಪ್ರಕಾರ ಅದು 6 ತಿಂಗಳು ಮೀರುವಂತಿಲ್ಲ. ಅಷ್ಟು ಕಾಲ ಪೊಸಿಷನ್‌ನಲ್ಲಿ ಕೂರದಿದ್ದರೆ ರೇಟಿಂಗ್ ಚಾಲ್ತಿಯಲ್ಲಿ ಇರುವುದಿಲ್ಲ. ಕಾಲು ಮುರಿದುಕೊಂಡ ಗಂಡಸಿಗೂ, ಬೇರೆ ಕೆಲಸಕ್ಕೆ ಕಳಿಸಿದವರಿಗೂ ಇದೇ ನಿಯಮ. ಆದರೆ ಏಟು ಬೀಳುವುದು ಹೆಂಗಸರಿಗೆ ಜಾಸ್ತಿ ಅನ್ನುವುದು ನಿಜ.

ನಾನು ಹೆರಿಗೆ ರಜೆ ಮುಗಿಸಿ ಬಂದಾಗ ಮೊದಲು ಬದಲಾದ ನಿಯಮಗಳನ್ನೆಲ್ಲ ಓದಿಸಿದರು. ಎರಡು ಟ್ಯಾಕ್ಸಿವೇಗೆ ಹೆಸರು ಬದಲಾಗಿತ್ತು, ಒಂದು ಫ್ರೀಕ್ವೆನ್ಸಿ ಹೊಸದು. ಆಮೇಲೆ ಸಿಮ್ಯುಲೇಟರ್. ಅಲ್ಲಿ ಬಾಯಿ ತಾನಾಗಿ ಹಳೇ ಹೆಸರು ಹೇಳುತ್ತಿತ್ತು, ಪ್ರತಿ ಸಲವೂ ಬೇಕಂತಲೇ ನಿಧಾನ ಮಾಡಿ ಹೊಸದು ಹೇಳಿ ಅಭ್ಯಾಸ ಮಾಡಿದೆ. ಕೊನೆಗೆ ಇನ್‌ಸ್ಟ್ರಕ್ಟರ್ ಜೊತೆ ಪೊಸಿಷನ್‌ನಲ್ಲಿ ಕೂತು, ಎಕ್ಸಾಮಿನರ್ ನೋಡಿ ಪಾಸು ಮಾಡಿದ ಮೇಲೆ ಒಬ್ಬಳೇ ಕೂತೆ. ಮೊದಲ ಸಲದಷ್ಟು ಕಾಲ ಹಿಡಿಯುವುದಿಲ್ಲ. ಬಡ್ತಿಯ ಸೀನಿಯಾರಿಟಿಗೆ ಏನೂ ಆಗಲಿಲ್ಲ.

ಬಸುರಿ ಅಂತ ಗೊತ್ತಾದ ಮೇಲೆ ಎಷ್ಟು ತಿಂಗಳ ತನಕ ಪೊಸಿಷನ್‌ನಲ್ಲಿ ಕೂರಬಹುದು ಅನ್ನುವುದನ್ನು ಮೆಡಿಕಲ್ ಎಕ್ಸಾಮಿನರ್ ಹೇಳುತ್ತಾರೆ. ಅವರಿಗೆ ಮೊದಲೇ ತಿಳಿಸಿ. ಅದಾದ ಮೇಲೆ ಹೆರಿಗೆ ತನಕ ಸಿಮ್ಯುಲೇಟರ್ ಅಥವಾ ತರಬೇತಿ ವಿಭಾಗದಲ್ಲಿ ಕೆಲಸ ಕೇಳಿ ತೆಗೆದುಕೊಳ್ಳಿ. ಹೊಸ ಬದಲಾವಣೆಗಳೆಲ್ಲ ಅಲ್ಲಿ ಕಿವಿಗೆ ಬೀಳುತ್ತಿರುತ್ತವೆ, ವಾಪಸ್ ಬಂದಾಗ ಓದುವುದು ಅಷ್ಟು ಕಡಿಮೆಯಾಗುತ್ತದೆ.

ಕಾವೇರಿ_ತೀರ
ತುಂಬಾ ಉಪಕಾರ ಆಯಿತು ಅಕ್ಕ. ತಂಗಿಗೆ ಇದನ್ನು ಹಾಗೇ ಕಳಿಸುತ್ತೇನೆ, ಅವಳ ಟವರ್ ಓಜೆಟಿ ಈಗ ತಾನೇ ಶುರುವಾಗಿದೆ.